ನೀರು ಕನ್ನಡಿಯಂತಿದೆ, ಆದರೂ ಚಿಪ್ಪು ಮುಟ್ಟಬೇಡಿ ಅಂತ ಬೋರ್ಡು ಯಾಕೆ?

ಪ್ರಶ್ನೆ: ನಾನು ಉಳ್ಳಾಲದವಳು. ಸಿಯಾಟಲ್ ಹತ್ತಿರ ಬಂದು ಆರು ವರ್ಷವಾಯಿತು. ಇಲ್ಲಿ ನೀರಿಳಿತದ ಹೊತ್ತಿಗೆ ಜನ ಬಕೆಟು ಹಿಡಿದು ಚಿಪ್ಪು ಹೆಕ್ಕಲು ಹೋಗುತ್ತಾರೆ, ನಾವೂ ಲೈಸೆನ್ಸ್ ಮಾಡಿಸಿಕೊಂಡಿದ್ದೇವೆ. ಕಳೆದ ಸಲ ಹೋದಾಗ ತೀರದಲ್ಲಿ ‘ಅಪಾಯ, ವಿಷದ ಚಿಪ್ಪು’ ಎಂಬ ಬೋರ್ಡು ಕಂಡಿತು. ನೀರು ನೋಡಿದರೆ ಕನ್ನಡಿ. ಕೆಂಪೂ ಇಲ್ಲ, ನಾತವೂ ಇಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, “ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸು, ಯಾವ ನಂಜೂ ಉಳಿಯುವುದಿಲ್ಲ. ಅಜ್ಜಿಯ ಕಾಲದಿಂದ ಮರುವಾಯಿ ತಿಂದಿದ್ದೇವೆ, ಯಾರಿಗೆ ಏನಾಗಿದೆ?” ಅನ್ನುತ್ತಾರೆ. ಪಕ್ಕದ ಮನೆಯವರು ಇಂಗ್ಲಿಷ್ ತಿಂಗಳ ಹೆಸರಿನಲ್ಲಿ ‘ಆರ್’ ಅಕ್ಷರವಿದ್ದರೆ ತಿನ್ನಬಹುದು ಅನ್ನುತ್ತಾರೆ. ಯಾರ ಮಾತು ಸರಿ? ಇನ್ನೊಂದು, ಸ್ನೇಹಿತರು ಕೊಟ್ಟ ಒಂದು ಚೀಲ ಬಟರ್ ಕ್ಲ್ಯಾಮ್ ಎಂಬ ಇಲ್ಲಿನ ಚಿಪ್ಪು ನಮ್ಮ ಫ್ರೀಜರಿನಲ್ಲಿದೆ. ಅದನ್ನು ಏನು ಮಾಡಲಿ?

ಉತ್ತರ: ಬೋರ್ಡನ್ನು ನಂಬಿ. ನಿಮ್ಮಮ್ಮನ ಕೈಯ ಮರುವಾಯಿ ಸುಕ್ಕದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಈ ಒಂದು ವಿಷಯದಲ್ಲಿ ಹುಣಸೆಹುಳಿ ಕೈಕೊಡುತ್ತದೆ. ಎಷ್ಟರ ಮಟ್ಟಿಗೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಅದನ್ನು ಕೇಳಿದರೆ ಅಮ್ಮನೂ ಒಂದು ಗಳಿಗೆ ಸುಮ್ಮನಾದಾರು.

ಆ ಬೋರ್ಡು ನೆಡಿಸಿದ ಆಸಾಮಿಯ ಹೆಸರು ಅಲೆಕ್ಸಾಂಡ್ರಿಯಂ ಕೆಟೆನೆಲ್ಲಾ. ಡೈನೋಫ್ಲಾಜೆಲ್ಲೇಟ್ ಎಂಬ ಗುಂಪಿಗೆ ಸೇರಿದ, ಒಂದೇ ಕೋಶದ ಕಡಲ ಜೀವಿ. ಹೆಸರು ಕೇಳಿ ಅಲೆಕ್ಸಾಂಡರನನ್ನು ನೆನೆಯಬೇಡಿ. ಅದು ಬಂದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನಿಂದ, ಈ ಕುಲದ ಮೊದಲ ಪ್ರಭೇದವನ್ನು 1960ರಲ್ಲಿ ವರ್ಣಿಸಿದ್ದು ಅಲ್ಲಿನ ನೀರಿನಿಂದ. ಕೆಟೆನೆಲ್ಲಾ ಅಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಸರಪಳಿ. ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ನೀರಿಟ್ಟರೆ ಈ ಹೆಸರಿನ ಅರ್ಥ ತಾನಾಗಿಯೇ ತಿಳಿಯುತ್ತದೆ. ತುಸು ಚಪ್ಪಟೆಯಾದ ಗುಂಡು ಕೋಶಗಳು ನಾಲ್ಕೋ ಎಂಟೋ ಒಂದರ ಬೆನ್ನಿಗೊಂದು ಅಂಟಿಕೊಂಡು, ಪೋಣಿಸಿದ ಮಣಿಸರದಂತೆ ಕಾಣುತ್ತವೆ. ಒಂದೊಂದು ಕೋಶವೂ ಮಿಲಿಮೀಟರಿನ ಮೂವತ್ತರಲ್ಲಿ ಒಂದು ಪಾಲು ಇದ್ದೀತು. ಮೈಮೇಲೆ ಸೆಲ್ಯುಲೋಸಿನ ಫಲಕಗಳನ್ನು ಜೋಡಿಸಿದ ಕವಚ, ಸೊಂಟದ ಸುತ್ತ ಒಂದು ತೋಡು, ತೋಡಿನೊಳಗೆ ಅಲೆಯಾಡುವ ಒಂದು ಚಾವಟಿ, ಹಿಂದಕ್ಕೆ ಇಳಿಬಿದ್ದ ಇನ್ನೊಂದು. ಸರ ಇಡಿಯಾಗಿ ಹಾವಿನ ಮರಿಯ ಹಾಗೆ ನುಲಿಯುತ್ತ ಈಜುತ್ತದೆ. ಮೊದಲ ಸಲ ನೋಡುವ ವಿದ್ಯಾರ್ಥಿಗಳು ‘ಎಷ್ಟು ಚಂದ ಸಾರ್’ ಅಂತಲೇ ಶುರು ಮಾಡುತ್ತಾರೆ.

ಈಗ ನಿಮ್ಮ ಕನ್ನಡಿ ನೀರಿನ ವಿಚಾರ. ‘ರೆಡ್ ಟೈಡ್’ ಅನ್ನುವ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ನಮ್ಮ ಪತ್ರಿಕೆಗಳು ಅದನ್ನು ‘ಕೆಂಪು ಉಬ್ಬರ’ ಎಂದು ಕನ್ನಡಕ್ಕೆ ತಂದು ಗೊಂದಲವನ್ನು ಪೂರ್ತಿ ಮಾಡಿವೆ. ಉಬ್ಬರವಿಳಿತಕ್ಕೂ ಅದಕ್ಕೂ ಸಂಬಂಧವಿಲ್ಲ, ಎಷ್ಟೋ ಸಲ ಕೆಂಪಿಗೂ ಇಲ್ಲ. ನೀರಿಗೆ ಬಣ್ಣ ಬರಬೇಕಾದರೆ ಲೀಟರಿಗೆ ಹತ್ತಾರು ಲಕ್ಷ ಕೋಶ ಬೇಕು. ಪಚ್ಚಿಲೆಗೆ, ಅಂದರೆ ಬಂಡೆಗೆ ಅಂಟಿ ಬೆಳೆಯುವ ‘ಮಸಲ್’ ಚಿಪ್ಪಿಗೆ, ವಿಷ ಏರಲು ಲೀಟರಿಗೆ ಕೆಲವೇ ಸಾವಿರ ಸಾಕು. ಅಷ್ಟು ಕೋಶ ಕದಡಿದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದರೂ ನಿಮಗೆ ಏನೂ ಕಾಣುವುದಿಲ್ಲ.

ಕಾಣದ್ದು ಚಿಪ್ಪಿನ ಹೊಟ್ಟೆಯಲ್ಲಿ ರಾಶಿಯಾಗುವುದು ಹೇಗೆ ಅನ್ನುವುದಕ್ಕೆ ಸಣ್ಣ ಲೆಕ್ಕ ಹಾಕಿ. ಪಚ್ಚಿಲೆ, ಮರುವಾಯಿಗಳೆಲ್ಲ ನೀರನ್ನು ಸೋಸಿ ತಿನ್ನುವ ಪ್ರಾಣಿಗಳು. ಒಂದು ಪಚ್ಚಿಲೆ ಗಂಟೆಗೆ ಒಂದು ಲೀಟರ್ ನೀರು ಸೋಸುತ್ತದೆ, ನೀರಿನಲ್ಲಿ ಲೀಟರಿಗೆ 2,000 ಕೋಶಗಳಿವೆ ಅಂದುಕೊಳ್ಳಿ. ದಿನಕ್ಕೆ 48,000 ಕೋಶ ಅದರ ಹೊಟ್ಟೆಗೆ ಹೋಯಿತು. ಕೋಶ ಜೀರ್ಣವಾಗುತ್ತದೆ, ಒಳಗಿನ ವಿಷ ಮಾಂಸದಲ್ಲಿ ಉಳಿಯುತ್ತದೆ. ಹೀಗೆ ಒಂದು ವಾರ. ನೀವು ತಟ್ಟೆಗೆ ಹಾಕಿಕೊಳ್ಳುವುದು ಒಂದು ಪಚ್ಚಿಲೆಯನ್ನಲ್ಲ, ಇಪ್ಪತ್ತನ್ನು. ಚಿಪ್ಪಿಗೆ ಇದರಿಂದ ಅಂಥ ತೊಂದರೆಯಿಲ್ಲ, ಬಾಯಿ ಬಿಗಿಯಾಗಿ ಮುಚ್ಚಿಕೊಂಡು ತಾಜಾ ಆಗಿಯೇ ಇರುತ್ತದೆ. ಬಾಯ್ದೆರೆದ ಚಿಪ್ಪನ್ನು ಎಸೆ, ಮುಚ್ಚಿದ್ದನ್ನು ಇಟ್ಟುಕೋ ಅಂತ ನಮ್ಮ ಮೀನು ಮಾರುವ ಹೆಂಗಸರು ಹೇಳಿಕೊಡುವುದು ಕೊಳೆತದ್ದನ್ನು ಹಿಡಿಯಲು ಒಳ್ಳೆಯ ಪರೀಕ್ಷೆ, ಆದರೆ ಈ ವಿಷ ಅದಕ್ಕೆ ಸಿಕ್ಕುವುದಿಲ್ಲ.

ಊರಿನವರು ಕೇಳುವ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರಿಸಿಬಿಡುತ್ತೇನೆ. 2020ರ ಕೊನೆಯಲ್ಲಿ ಉಡುಪಿ ಕಡೆಯ ತೀರಗಳಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಮಿನುಗಿದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತಲ್ಲ, ಅದು ನಾಕ್ಟಿಲೂಕ. ಅದೂ ಡೈನೋಫ್ಲಾಜೆಲ್ಲೇಟೇ, ಆದರೆ ದಾಯಾದಿ. ಅಮೋನಿಯ ಬಿಟ್ಟು, ಆಮ್ಲಜನಕ ಕಡಿಮೆ ಮಾಡಿ ಮೀನುಗಳಿಗೆ ಉಪದ್ರ ಕೊಟ್ಟೀತೇ ಹೊರತು ಈ ನರದ ವಿಷವನ್ನು ಅದು ಮಾಡುವುದಿಲ್ಲ. ಹಾಗೆಂದು ಮಿನುಗಿಗೂ ವಿಷಕ್ಕೂ ಸಂಬಂಧವೇ ಇಲ್ಲ ಅನ್ನುವಂತೆಯೂ ಇಲ್ಲ, ಯಾಕೆಂದರೆ ಕೆಟೆನೆಲ್ಲಾ ಕೂಡ ಕತ್ತಲಲ್ಲಿ ಮಿನುಗಬಲ್ಲದು. ಕ್ಯಾಲಿಫೋರ್ನಿಯಾ ಕರಾವಳಿಯ ಆದಿವಾಸಿಗಳು ಬೇಸಿಗೆಯಲ್ಲಿ ಕಡಲಂಚಿಗೆ ಕಾವಲು ಕೂರಿಸಿ, ಅಲೆ ಮಿನುಗಿದರೆ ಪಚ್ಚಿಲೆ ಮುಟ್ಟಕೂಡದೆಂದು ಸಾರುತ್ತಿದ್ದರೆಂದು 1920ರ ದಶಕದ ಸಂಶೋಧಕರು ಬರೆದಿಟ್ಟಿದ್ದಾರೆ. ಪ್ರಯೋಗಾಲಯ ಇಲ್ಲದ ಕಾಲಕ್ಕೆ ಅದು ಸಣ್ಣ ವಿವೇಕವಲ್ಲ. ಮಿನುಗು ಕಂಡರೆ ದೂರ ಇರುವುದು ಸರಿ, ಮಿನುಗಿಲ್ಲ ಎಂದು ಧೈರ್ಯ ಮಾಡುವುದು ತಪ್ಪು.

ನೀವಿರುವ ಕರಾವಳಿಯಲ್ಲೇ, ಸ್ವಲ್ಪ ಉತ್ತರಕ್ಕೆ, ಈ ವಿಷದ ಬಹಳ ಹಳೆಯ ದಾಖಲೆಯೊಂದಿದೆ. 1793ರ ಜೂನ್ 15. ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್ ಇಂದಿನ ಬ್ರಿಟಿಷ್ ಕೊಲಂಬಿಯಾದ ಕರಾವಳಿಯನ್ನು ಅಳೆಯುತ್ತಿದ್ದ ಕಾಲ. ದೋಣಿಯಲ್ಲಿ ಹೋದ ಒಂದು ತಂಡ ಬೆಳಗಿನ ತಿಂಡಿಗೆ ದಡದ ಪಚ್ಚಿಲೆಗಳನ್ನು ಸುಟ್ಟು ತಿಂದಿತು. ಸ್ವಲ್ಪ ಹೊತ್ತಿಗೆ ಕೆಲವರಿಗೆ ಮುಖ, ಕೈಕಾಲು ಜೋಮು ಹಿಡಿಯಿತು. ಹುಟ್ಟು ಹಾಕಿ ಬೆವರು ಹರಿಸಿದರೆ ಇಳಿದೀತೆಂದು ಅವರೇ ಹುಟ್ಟು ಹಿಡಿದರು. ಜಾನ್ ಕಾರ್ಟರ್ ಎಂಬ ನಾವಿಕ ದೋಣಿ ದಡ ಸೇರುವವರೆಗೂ ಎಳೆದ, ಇಳಿಯಲು ಎದ್ದರೆ ನಿಲ್ಲಲು ಕಾಲಿನಲ್ಲಿ ಶಕ್ತಿ ಇಲ್ಲ. ಮಧ್ಯಾಹ್ನ ಒಂದೂವರೆ ಹೊತ್ತಿಗೆ ತೀರಿಕೊಂಡ. ಉಳಿದವರು ಬಿಸಿನೀರು ಕುಡಿದು ವಾಂತಿ ಮಾಡಿ ಬದುಕಿದರು. ವ್ಯಾಂಕೂವರ್ ಅವನನ್ನು ಹೂಳಿದ ಕೊಲ್ಲಿಗೆ ಕಾರ್ಟರ್ ಬೇ ಎಂದೂ, ಪಚ್ಚಿಲೆ ತಿಂದ ಜಾಗಕ್ಕೆ ಪಾಯ್ಸನ್ ಕೋವ್ ಎಂದೂ ಹೆಸರಿಟ್ಟ. ಇವತ್ತಿಗೂ ನಕ್ಷೆಯಲ್ಲಿ ಆ ಹೆಸರುಗಳಿವೆ. ಆರು ವರ್ಷದ ಮೇಲೆ, 1799ರಲ್ಲಿ, ಅಲಾಸ್ಕದ ಸಿಟ್ಕಾ ಬಳಿಯ ಜಲಸಂಧಿಯಲ್ಲಿ ರಷ್ಯನ್ ವ್ಯಾಪಾರಿಗಳ ಜೊತೆ ಬೇಟೆಗೆ ಹೋಗಿದ್ದ ಸುಮಾರು ನೂರು ಮಂದಿ ಮೂಲನಿವಾಸಿಗಳು ಪಚ್ಚಿಲೆ ತಿಂದು ಸತ್ತರು. ಆ ಜಲಸಂಧಿಯ ಹೆಸರು ಪೆರಿಲ್ ಸ್ಟ್ರೇಟ್, ಅಪಾಯದ ಜಲಸಂಧಿ.

ಇಷ್ಟಾದರೂ ವಿಷ ಎಲ್ಲಿಂದ ಬರುತ್ತದೆ ಅನ್ನುವುದು ಇನ್ನೂ ನೂರು ವರ್ಷಕ್ಕೂ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಕೊಳೆತ ಚಿಪ್ಪು ಅಂದರು, ಹಡಗಿನ ತಾಮ್ರ ಅಂದರು. 1927ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ 102 ಜನ ಕಾಯಿಲೆ ಬಿದ್ದು ಆರು ಮಂದಿ ಸತ್ತ ಮೇಲೆ ಹರ್ಮನ್ ಸೊಮ್ಮರ್ ಮತ್ತು ಕಾರ್ಲ್ ಮೇಯರ್ ಬೆನ್ನು ಹತ್ತಿದರು. ಹಗಲಿಡೀ ಪಚ್ಚಿಲೆ ತಂದು ಅರೆದು, ಸಾರವನ್ನು ಇಲಿಗಳಿಗೆ ಚುಚ್ಚಿ, ಗಡಿಯಾರ ನೋಡುತ್ತ ಕೂರುವ ಕೆಲಸ. ನೀರಿನಲ್ಲಿ ಒಂದು ಬಗೆಯ ಕೋಶ ಹೆಚ್ಚಾದಾಗಲೆಲ್ಲ ಚಿಪ್ಪಿನ ವಿಷವೂ ಹೆಚ್ಚುತ್ತದೆ ಎಂದು ಕಡೆಗೆ 1937ರಲ್ಲಿ ಬರೆದರು. ಆಗ ಅದರ ಹೆಸರು ಗೋನಿಯಾಲಾಕ್ಸ್ ಕೆಟೆನೆಲ್ಲಾ. 20 ಗ್ರಾಂ ತೂಕದ ಇಲಿಯನ್ನು 15 ನಿಮಿಷದಲ್ಲಿ ಕೊಲ್ಲುವಷ್ಟು ವಿಷಕ್ಕೆ ಒಂದು ‘ಮೌಸ್ ಯೂನಿಟ್’ ಎಂಬ ಅಳತೆ ಹುಟ್ಟಿದ್ದೂ ಈ ಕೆಲಸದಿಂದ.

ವಿಷದ ಹೆಸರು ಸ್ಯಾಕ್ಸಿಟಾಕ್ಸಿನ್, ಅದರ ಸೋದರರು ಹತ್ತಾರು. ಆ ಹೆಸರು ಬಂದದ್ದು ಸ್ಯಾಕ್ಸಿಡೋಮಸ್ ಎಂಬ ಚಿಪ್ಪಿನಿಂದ. ಯಾವ ಚಿಪ್ಪು ಅಂತೀರಾ? ನಿಮ್ಮ ಫ್ರೀಜರಿನಲ್ಲಿರುವ ಬಟರ್ ಕ್ಲ್ಯಾಮೇ. ಈ ವಿಷ ಸಿಐಎಗೂ ಪ್ರಿಯವಾಗಿತ್ತು. 1960ರಲ್ಲಿ ಸೋವಿಯತ್ ನೆಲದಲ್ಲಿ ಉರುಳಿದ ಯು-2 ಬೇಹುಗಾರಿಕೆ ವಿಮಾನದ ಪೈಲಟ್ ಗ್ಯಾರಿ ಪವರ್ಸ್ ಹತ್ತಿರ ಒಂದು ಬೆಳ್ಳಿ ಡಾಲರಿನೊಳಗೆ ಅಡಗಿಸಿದ್ದ ಸೂಜಿಗೆ ಹಚ್ಚಿದ್ದು ಇದನ್ನೇ. ವಯಸ್ಕರನ್ನು ಕೊಲ್ಲಲು ಒಂದರಿಂದ ನಾಲ್ಕು ಮಿಲಿಗ್ರಾಂ ಸಾಕಾಗಬಹುದು. ಅದು ಬೆರಳೆಣಿಕೆಯ ಸಕ್ಕರೆ ಹರಳುಗಳ ತೂಕ.

ನರದೊಳಗೆ ಸುದ್ದಿ ಸಾಗಬೇಕಾದರೆ ಅದರ ಪೊರೆಯ ಮೇಲಿನ ಸಣ್ಣ ಸಣ್ಣ ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗಬೇಕು. ಸ್ಯಾಕ್ಸಿಟಾಕ್ಸಿನ್ ಆ ಬಾಗಿಲಿನ ಬಾಯಿಗೆ ಬಿರಡೆಯ ಹಾಗೆ ಕೂರುತ್ತದೆ. ಮೊದಲು ತುಟಿ, ನಾಲಿಗೆ ಚುಮುಚುಮು ಅನ್ನುತ್ತವೆ, ಸಾಧಾರಣವಾಗಿ ತಿಂದ ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ. ಆಮೇಲೆ ಬೆರಳ ತುದಿ. ಮೈ ಹಗುರಾಗಿ ತೇಲಿದಂತೆ ಅನಿಸುತ್ತದೆ ಎಂದು ಬದುಕಿದವರು ಹೇಳುತ್ತಾರೆ. ಮಾತು ತೊದಲುತ್ತದೆ, ಕಾಲು ಕೇಳುವುದಿಲ್ಲ. ಕೊನೆಗೆ ಎದೆಯ ಸ್ನಾಯು ಸೋತು ಉಸಿರು ನಿಲ್ಲುತ್ತದೆ, ಬಹಳ ಸಲ ಅಲ್ಲಿಯವರೆಗೂ ಪ್ರಜ್ಞೆ ಇರುತ್ತದೆ. ಪ್ರತಿವಿಷ ಇಲ್ಲ. ಇರುವ ಚಿಕಿತ್ಸೆ ಒಂದೇ, ವಿಷ ಮೂತ್ರದಲ್ಲಿ ಹೊರಹೋಗುವ ತನಕ ಯಂತ್ರದಿಂದ ಉಸಿರಾಡಿಸುವುದು. ಮೊದಲ ಒಂದು ದಿನ ದಾಟಿದರೆ ಸಾಮಾನ್ಯವಾಗಿ ರೋಗಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಆದ್ದರಿಂದ ತುಟಿ ಚುಮುಗುಟ್ಟಿತೆಂದರೆ ಮಲಗಿ ನೋಡೋಣ, ಮಜ್ಜಿಗೆ ಕುಡಿಯೋಣ ಅನ್ನದೆ 911ಕ್ಕೆ ಫೋನ್ ಮಾಡಿ, ‘ಚಿಪ್ಪು ತಿಂದಿದ್ದೇವೆ’ ಎಂದು ಮೊದಲ ವಾಕ್ಯದಲ್ಲೇ ಹೇಳಿ. ವಾಂತಿ ಮಾಡಿಸಲು ಹೋಗಬೇಡಿ. ವ್ಯಾಂಕೂವರನ ನಾವಿಕರಿಗೆ ಹತ್ತಿರದಲ್ಲಿ ಆಸ್ಪತ್ರೆ ಇರಲಿಲ್ಲ, ನಿಮಗಿದೆ. ನುಂಗುವ ಶಕ್ತಿ ಸೋತವರಿಗೆ ವಾಂತಿ ಶ್ವಾಸಕೋಶಕ್ಕೆ ಇಳಿದೀತು.

ಇನ್ನು ಹುಳಿ. ಸ್ಯಾಕ್ಸಿಟಾಕ್ಸಿನ್ ಕುದಿಯುವ ನೀರಿಗೆ ಜಗ್ಗುವುದಿಲ್ಲ. ಬೇಯಿಸಿದಾಗ ಸ್ವಲ್ಪ ವಿಷ ಮಾಂಸದಿಂದ ಬಿಟ್ಟು ನೀರಿಗೆ ಹೋಗುತ್ತದೆ, ನಿಜ, ಆದರೆ ಆ ನೀರನ್ನು ನಾವು ಚೆಲ್ಲುತ್ತೇವೆಯೇ? ಮರುವಾಯಿಯ ರುಚಿಯೆಲ್ಲ ಇರುವುದೇ ಅದರ ನೀರಿನಲ್ಲಿ, ಅದನ್ನು ಮಸಾಲೆಗೇ ಸುರಿಯುತ್ತೇವೆ. ಹುಳಿಯದು ಇನ್ನೂ ತಮಾಷೆ. ಪ್ರಯೋಗಾಲಯದಲ್ಲಿ ಚಿಪ್ಪಿನ ಮಾಂಸದಿಂದ ಈ ವಿಷವನ್ನು ಹೊರತೆಗೆಯುವ ಅಧಿಕೃತ ವಿಧಾನ ಏನು ಗೊತ್ತೇ? 100 ಗ್ರಾಂ ಮಾಂಸವನ್ನು ರುಬ್ಬಿ, ಅಷ್ಟೇ ಪ್ರಮಾಣದ ತೆಳು ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ಐದು ನಿಮಿಷ ಮೆಲ್ಲಗೆ ಕುದಿಸುವುದು. ಅಂದರೆ ಹುಳಿ ಹಾಕಿ ಬೇಯಿಸುವುದೇ! ಹುಳಿಯಲ್ಲಿ ಈ ವಿಷ ಗಟ್ಟಿಯಾಗಿ ಉಳಿಯುತ್ತದೆ ಅಂತಲೇ ಆ ವಿಧಾನ. ಅಷ್ಟೇ ಅಲ್ಲ, ಅದರ ಸೋದರ ವಿಷಗಳಲ್ಲಿ ಕೆಲವು ಮೊದಲಿಗೆ ಅಷ್ಟು ತೀವ್ರವಲ್ಲ, ಬಲವಾದ ಆಮ್ಲದಲ್ಲಿ ಕಾಯಿಸಿದಾಗ ಒಂದು ತುಣುಕು ಕಳಚಿಕೊಂಡು ಹಲವು ಪಟ್ಟು ತೀವ್ರವಾಗುತ್ತವೆ. ಹುಣಸೆಹುಳಿ ಅಷ್ಟು ಬಲವಾದ ಆಮ್ಲವಲ್ಲ, ಸಾರಿನ ಪಾತ್ರೆಯಲ್ಲಿ ಅದು ಆಗುತ್ತದೆಂದು ನಾನು ಹೆದರಿಸುವುದಿಲ್ಲ. ಆದರೆ ಹುಳಿ ವಿಷ ತೆಗೆಯುತ್ತದೆ ಅನ್ನುವ ಮಾತನ್ನು ಇಲ್ಲಿಗೆ ಬಿಡೋಣ. ಬೆಳ್ಳುಳ್ಳಿ, ಅರಿಶಿನ, ಬೆಳ್ಳಿ ಚಮಚ ಕಪ್ಪಾಗುತ್ತದೋ ನೋಡುವುದು, ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆನೆಹಾಕುವುದು, ಎಲ್ಲವೂ ಇದೇ ಸಾಲಿಗೆ ಸೇರಿದವು. ನೆನೆಹಾಕಿದರೆ ಮರಳು ಉಗುಳುತ್ತದೆ, ಅಷ್ಟೇ.

‘ಆರ್’ ಅಕ್ಷರದ ಲೆಕ್ಕಕ್ಕೆ ಒಂದು ಕಾಲದಲ್ಲಿ ಸ್ವಲ್ಪ ಅರ್ಥವಿತ್ತು. ಮೇಯಿಂದ ಆಗಸ್ಟಿನವರೆಗೆ ನೀರು ಬೆಚ್ಚಗೆ, ಕೆಟೆನೆಲ್ಲಾ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ ಇಂದಿಗೂ ಮೇ 1ರಿಂದ ಅಕ್ಟೋಬರ್ 31ರವರೆಗೆ ಸ್ವಂತಕ್ಕೆ ಪಚ್ಚಿಲೆ ಕೀಳುವುದಕ್ಕೆ ಪ್ರತಿವರ್ಷ ನಿಷೇಧವಿದೆ. ಸೆಪ್ಟೆಂಬರ್, ಅಕ್ಟೋಬರ್ ಎರಡರಲ್ಲೂ ‘ಆರ್’ ಇದೆ ನೋಡಿ. ಸಿಯಾಟಲ್ ಬದಿಯ ನಿಮ್ಮ ಕಡಲ ಕೊಲ್ಲಿ ಪ್ಯುಗೆಟ್ ಸೌಂಡಿನಲ್ಲಂತೂ ಬೇಸಿಗೆಯ ಕೊನೆ ಮತ್ತು ಶರತ್ಕಾಲವೇ ಹೆಚ್ಚು ಅಪಾಯದ ಕಾಲ. 1978ರಲ್ಲಿ ವಿಡ್ಬಿ ದ್ವೀಪದ ಸುತ್ತ ವಿಷ ಏರಿ ಜನ ಆಸ್ಪತ್ರೆ ಸೇರಿದ್ದು ಸೆಪ್ಟೆಂಬರಿನಲ್ಲಿ.

ಮತ್ತೆ ಮತ್ತೆ ಅದೇ ಕೊಲ್ಲಿಗಳಲ್ಲಿ ಯಾಕೆ ಬರುತ್ತದೆ ಅಂದರೆ, ಅದು ಅಲ್ಲಿಂದ ಹೋಗಿಯೇ ಇರುವುದಿಲ್ಲ. ಕಾಲ ಕೆಟ್ಟಾಗ ಎರಡು ಕೋಶಗಳು ಕೂಡಿ ಗಟ್ಟಿ ಸಿಪ್ಪೆಯ ಒಂದು ಬೀಜದಂಥ ಕೋಶವಾಗಿ ತಳದ ಕೆಸರಿಗೆ ಇಳಿಯುತ್ತವೆ. ಅಲ್ಲಿ ವರ್ಷಗಟ್ಟಲೆ ಮಲಗಿದ್ದು, ಹದ ಬಂದಾಗ ಮೊಳೆತು ಮೇಲಕ್ಕೆ ಈಜುತ್ತವೆ. ಗದ್ದೆಯ ಕಳೆಬೀಜದ ಹಾಗೆಯೇ, ಒಂದು ಸಲ ಬಿದ್ದ ಮೇಲೆ ಮುಗಿಯಿತು. ಕೆಸರಿನ ಮಾದರಿ ತೆಗೆದು ಈ ಬೀಜಗಳನ್ನು ಎಣಿಸಿದವರಿಗೆ ಬೆಲ್ಲಿಂಗ್‌ಹ್ಯಾಮ್ ಕೊಲ್ಲಿ, ಪೋರ್ಟ್ ಮ್ಯಾಡಿಸನ್, ಕ್ವಾರ್ಟರ್‌ಮಾಸ್ಟರ್ ಹಾರ್ಬರ್‌ಗಳಲ್ಲಿ ರಾಶಿ ಸಿಕ್ಕಿದೆ. ಆ ನೀರು 13 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಟೆನೆಲ್ಲಾಕ್ಕೆ ಹಿತ. ಕಡಲು ಬೆಚ್ಚಗಾದಷ್ಟೂ ಆ ಹಿತದ ದಿನಗಳು ವರ್ಷದಲ್ಲಿ ಹೆಚ್ಚುತ್ತವೆ.

ಅಮ್ಮನ ಕಡೆಯ ಮಾತು, ‘ನಮ್ಮಲ್ಲಿ ಯಾರಿಗೆ ಏನಾಗಿದೆ?’ ಇದಕ್ಕೆ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಉತ್ತರಿಸಬೇಕು. ಉಳ್ಳಾಲದಿಂದ ಕುಂಬಳೆ ಎಷ್ಟು ದೂರ? ಬಸ್ಸಿನಲ್ಲಿ ಒಂದು ಗಂಟೆ. 1983ರಲ್ಲಿ ಕುಂಬಳೆಯ ಅಳಿವೆಯ ಚಿಪ್ಪು ತಿಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ವಿಜ್ಞಾನಿಗಳು ಅದು ಇದೇ ಜಾತಿಯ, ಅಂದರೆ ಪಾರ್ಶ್ವವಾಯು ತರುವ ಚಿಪ್ಪಿನ ವಿಷ ಎಂದು ದಾಖಲಿಸಿದರು. ಅದಕ್ಕೆ ಎರಡು ವರ್ಷ ಮೊದಲು ತಮಿಳುನಾಡಿನಲ್ಲಿ ಮೂವರು ಸತ್ತಿದ್ದರು. 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಂಜಂನಲ್ಲಿ ಪಚ್ಚಿಲೆ ತಿಂದು ಏಳು ಜನ ಸತ್ತರು, ಆಸ್ಪತ್ರೆ ಸೇರಿದವರು 500ಕ್ಕೂ ಹೆಚ್ಚು. ಹೀಗಾಗುವುದು ಅಪರೂಪ, ನಿಜ. ಮರುವಾಯಿ ಬಿಟ್ಟುಬಿಡಿ ಅಂತ ನಾನು ಯಾರಿಗೂ ಹೇಳುವವನಲ್ಲ, ನಾನೂ ತಿನ್ನುತ್ತೇನೆ. ಆದರೆ ನಮ್ಮ ಹಳ್ಳಿಗಳಲ್ಲಿ ‘ಚಿಪ್ಪು ತಿಂದು ಆಗಿಬರಲಿಲ್ಲ’ ಅಂತ ಮುಗಿದುಹೋದ ಎಷ್ಟು ಕಥೆಗಳ ಒಳಗೆ ಈ ವಿಷವಿತ್ತೋ. ಪರೀಕ್ಷೆಯೇ ಮಾಡದಿದ್ದರೆ ಏನೂ ಆಗಿಲ್ಲ ಅಂತಲೇ ಅನಿಸುತ್ತದೆ.

ನಿಮ್ಮ ಹತ್ತಿರ ಆ ಪರೀಕ್ಷೆ ಇದೆ, ಅದೂ ಪುಕ್ಕಟೆ. ವಾಷಿಂಗ್ಟನ್ ರಾಜ್ಯದ ಆರೋಗ್ಯ ಇಲಾಖೆ ತೀರದುದ್ದಕ್ಕೂ ಚಿಪ್ಪಿನ ಮಾದರಿ ತೆಗೆದು ಪರೀಕ್ಷಿಸುತ್ತಲೇ ಇರುತ್ತದೆ. 100 ಗ್ರಾಂ ಮಾಂಸದಲ್ಲಿ ವಿಷ 80 ಮೈಕ್ರೋಗ್ರಾಂ ಮುಟ್ಟಿತೆಂದರೆ ಆ ತೀರ ಬಂದ್. ಅದರ ನಕ್ಷೆ ಅಂತರ್ಜಾಲದಲ್ಲಿದೆ. ಹಿಂದಿನ ವಾರ ನೋಡಿದ್ದೆವು ಅನ್ನಬೇಡಿ, ಬಕೆಟು ಕಾರಿಗೆ ಹಾಕುವ ದಿನವೇ ನೋಡಿ. 2024ರ ಮೇ ಕೊನೆಯಲ್ಲಿ ಪಕ್ಕದ ಆರೆಗನ್ ಕರಾವಳಿಯಲ್ಲಿ ಪಚ್ಚಿಲೆ ತಿಂದು ಇಪ್ಪತ್ತಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಾಗ ವಿಷ ಏರಿದ್ದು ಕೆಲವೇ ದಿನಗಳಲ್ಲಿ. ಅಂಗಡಿಯಲ್ಲಿ, ಹೋಟೆಲಿನಲ್ಲಿ ಸಿಗುವ ಚಿಪ್ಪು ತಪಾಸಣೆಯಾಗಿ ಬಂದದ್ದು, ಅದಕ್ಕೆ ಅಂಜುವುದು ಬೇಡ. ಏಡಿಯ ಮಾಂಸ ತಿನ್ನಬಹುದು, ಆದರೆ ಹೊಟ್ಟೆಯೊಳಗಿನ ಹಳದಿ ಭಾಗ ಬಿಡಿ, ಏಡಿ ಬೇಯಿಸಿದ ನೀರನ್ನೂ ಚೆಲ್ಲಿ. ನಮ್ಮವರಿಗೆ ಆ ಹಳದಿಯೇ ಇಷ್ಟ ಅಂತ ಗೊತ್ತು, ಏನು ಮಾಡುವುದು. ಮೀನನ್ನು ಹೊಟ್ಟೆ ಬಗೆದು ತೊಳೆದು ತಿಂದರೆ ತೊಂದರೆಯಿಲ್ಲ.

ಫ್ರೀಜರಿನ ಚೀಲಕ್ಕೆ ಬರೋಣ. ತಂಪಿಗೂ ಈ ವಿಷ ಜಗ್ಗುವುದಿಲ್ಲ. ಪಚ್ಚಿಲೆಯಾಗಿದ್ದರೆ, ಅದು ಬೇಗ ವಿಷ ಏರಿಸಿಕೊಂಡು ಕೆಲವು ವಾರಗಳಲ್ಲಿ ಇಳಿಸಿಕೊಳ್ಳುತ್ತದೆ, ಕಿತ್ತ ತಿಂಗಳು ಯಾವುದೆಂದು ಕೇಳಿ ಏನಾದರೂ ಅಂದಾಜು ಮಾಡಬಹುದಿತ್ತು. ಬಟರ್ ಕ್ಲ್ಯಾಮ್ ಹಾಗಲ್ಲ. ಅದು ವಿಷವನ್ನು ನೀರು ಎಳೆದುಕೊಳ್ಳುವ ತನ್ನ ಸೊಂಡಿಲಿನಲ್ಲಿ ಕೂಡಿಟ್ಟುಕೊಳ್ಳುತ್ತದೆ, ನೀರು ಶುದ್ಧವಾದ ಮೇಲೂ ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷದವರೆಗೆ. ಅಲಾಸ್ಕದ ಕಡಲ ನೀರುನಾಯಿಗಳು ವಿಷವಿರುವ ಬಟರ್ ಕ್ಲ್ಯಾಮುಗಳನ್ನು ಬಿಟ್ಟು ಬೇರೆ ಕಡೆ ಹೋಗುತ್ತವೆ ಎಂದು ಅಧ್ಯಯನ ಮಾಡಿದವರಿದ್ದಾರೆ. ನಮಗೆ ಆ ನಾಲಿಗೆ ಇಲ್ಲ. ಹಾಗಾಗಿ ಸ್ನೇಹಿತರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಯಾವ ತೀರ, ಯಾವ ದಿನ? ಅವರು ಎರಡಕ್ಕೂ ತಡವರಿಸದೆ ಉತ್ತರಿಸಿದರೆ, ಆ ದಿನ ಆ ತೀರ ಬಟರ್ ಕ್ಲ್ಯಾಮಿಗೆ ತೆರೆದಿತ್ತೇ ಎಂದು ಇಲಾಖೆಯ ಸಹಾಯವಾಣಿಗೆ ಕೇಳಬಹುದು. ‘ಅಲ್ಲೇ ಎಲ್ಲೋ, ಆವತ್ತು ಯಾವತ್ತೋ’ ಅಂದರೆ ಚೀಲವನ್ನು ಬಿಗಿಯಾಗಿ ಕಟ್ಟಿ ಕಸದ ಡಬ್ಬಿಗೆ ಹಾಕಿ, ಮುಚ್ಚಳ ಸರಿಯಾಗಿ ಮುಚ್ಚಿ. ಹಿತ್ತಿಲಿನ ಗೊಬ್ಬರದ ಗುಂಡಿಗೆ ಬೇಡ, ಪಕ್ಕದ ಮನೆಯ ನಾಯಿ ಕೆದಕೀತು.